ತಂಬಿಗೆಯಿಂದ ನಾಮಫಲಕದವರೆಗೆ

ನಿತ್ಯ ಬಳಕೆಯ ವಸ್ತುವಿನ ಆಕಾರ, ಅಳತೆ ಮತ್ತು ತೂಕಗಳನ್ನು ಅದನ್ನು ಹಿಡಿಯುವ ಕೈಗೂ ಅದರಿಂದಾಗಬೇಕಾದ ಕೆಲಸಕ್ಕೂ ಒಗ್ಗುವಂತೆ ನಿರ್ಧರಿಸುವ ವಿದ್ಯೆಯೇ ವಿನ್ಯಾಸ. ಅದರಲ್ಲಿ ಅಲಂಕಾರಕ್ಕೆ ಸ್ಥಾನವಿಲ್ಲವೆಂದಲ್ಲ. ಆದರೆ ಅದು ಉಪಯೋಗದ ಬೆನ್ನಿಗೆ ಬರಬೇಕಾದದ್ದು.

ಸ್ವಾತಂತ್ರ್ಯಾನಂತರ ಕೈಗಾರಿಕೆಗಳು ಬೆಳೆಯತೊಡಗಿದಾಗ, ಬಳಕೆಯ ಸರಕುಗಳ ಗುಣಮಟ್ಟ ಕುಸಿಯದಂತೆ ಮಾಡುವ ಬಗೆಯನ್ನು ಅರಿಯಲು ಭಾರತ ಸರ್ಕಾರವು ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಆಹ್ವಾನಿಸಿತು. ದೇಶವನ್ನು ಸುತ್ತಿ 1958ರಲ್ಲಿ ಅವರು ಸಲ್ಲಿಸಿದ ವರದಿಯು, ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಹಿಂದಿಯ ‘ಲೋಟಾ’ಕ್ಕೆ, ಎಂದರೆ ಕನ್ನಡಿಗರ ತಂಬಿಗೆಗೆ, ಅಗ್ರಸ್ಥಾನ ನೀಡಿತು. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.

ತಂಬಿಗೆಯ ಹಿರಿಮೆಯನ್ನು ಅದರ ಅಂಗಾಂಗಗಳಲ್ಲೇ ಓದಬಹುದು. ಅದರ ಕಂಠ ಕಿರಿದಾದ್ದರಿಂದ ಬೆರಳುಗಳು ಅಂಚಿನ ಕೆಳಗೆ ಸಿಕ್ಕಿಕೊಂಡು ಒದ್ದೆ ಕೈಯಿಂದಲೂ ಅದು ಜಾರುವುದಿಲ್ಲ, ಹಗ್ಗ ಬಿಗಿದು ಬಾವಿಗೆ ಇಳಿಸಿದರೂ ಕಳಚುವುದಿಲ್ಲ; ದುಂಡು ಹೊಟ್ಟೆಯಲ್ಲಿ ನೀರಿನ ಭಾರ ಕೆಳಗೇ ಉಳಿಯುವುದರಿಂದ ಪಾತ್ರೆ ಸುಲಭವಾಗಿ ಉರುಳುವುದಿಲ್ಲ; ಹೊರಚಾಚಿದ ಅಂಚು ನೀರನ್ನು ಧಾರೆಯಾಗಿ ಬೀಳಿಸುತ್ತದೆ. ಹೀಗಿದ್ದೂ ಹುಣಸೆಹಣ್ಣು ಹಿಡಿದ ಬೆರಳು ಒಳಗೆ ಆಡುವಷ್ಟು ಬಾಯಿ ಅಗಲವಾಗಿರುತ್ತದೆ. ಇದನ್ನು ರೂಪಿಸಿದವನು ಒಬ್ಬನಲ್ಲ. ಬಳಸಿದವರ ಅನುಭವವನ್ನು ಅನುಸರಿಸಿ ಕಂಚುಗಾರರ ಹಲವು ತಲೆಮಾರುಗಳು ಅದನ್ನು ತಿದ್ದುತ್ತ ಬಂದಿವೆ.

ಕೈಗೆ ಸಲ್ಲುವ ಈ ವಿವೇಕ ಸಾರ್ವಜನಿಕ ಸ್ಥಳಗಳಲ್ಲಿ ಕಣ್ಣಿಗೂ ಸಲ್ಲಬೇಕು. ವಸ್ತುಸಂಗ್ರಹಾಲಯಗಳಲ್ಲಿ ಚಿತ್ರಪಟದ ನಡುಭಾಗವನ್ನು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ತೂಗುಹಾಕುವುದು ವಾಡಿಕೆ, ಏಕೆಂದರೆ ನಿಂತ ವಯಸ್ಕರ ದೃಷ್ಟಿ ಬಹುಮಟ್ಟಿಗೆ ಅಲ್ಲಿಗೆ ನೆಡುತ್ತದೆ. ಮಕ್ಕಳೂ ಗಾಲಿಕುರ್ಚಿಯವರೂ ನೋಡಬೇಕಾದ ವಿವರಣೆಯನ್ನು ಅದಕ್ಕಿಂತ ಕೆಳಗೆ ಇಡಬೇಕಾಗುತ್ತದೆ. ಗಾಜಿನ ಪೆಟ್ಟಿಗೆಯ ಮೇಲೆ ಬೀಳುವ ದೀಪ ನೋಡುಗರ ಕಣ್ಣಿಗೇ ಪ್ರತಿಫಲಿಸಿದರೆ ಒಳಗಿನ ಶಿಲ್ಪವೆಷ್ಟೇ ಅಪರೂಪವಾದರೂ ಕಾಣದು.

ಬಸ್ ನಿಲ್ದಾಣದ ಕನ್ನಡ ಫಲಕಕ್ಕೆ ಇನ್ನೊಂದು ಸೂಕ್ಷ್ಮವುಂಟು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ಕೂರುತ್ತವೆ. ಕನ್ನಡದಲ್ಲಿ ಗುಡಿಸು ಮೇಲಕ್ಕೂ ಒತ್ತಕ್ಷರ ಕೆಳಕ್ಕೂ ಚಾಚುತ್ತವೆ. ಎರಡೂ ಲಿಪಿಗಳಿಗೆ ಸಮನಾದ ಪಟ್ಟಿ ಕೊಟ್ಟರೆ ‘ಚಿಕ್ಕಬಳ್ಳಾಪುರ’ ಎಂಬ ಹೆಸರಿನ ಮೂಲಾಕ್ಷರಗಳು ಕುಗ್ಗಿ, ಒತ್ತುಗಳು ದೂರದಿಂದ ಬರಿಯ ಚುಕ್ಕೆಗಳಾಗಿ ಕಾಣುತ್ತವೆ. ಆದ್ದರಿಂದ ಕನ್ನಡಕ್ಕೆ ಹೆಚ್ಚಿನ ಎತ್ತರವನ್ನೂ ಸಾಲುಗಳ ನಡುವೆ ಹೆಚ್ಚಿನ ಅಂತರವನ್ನೂ ಕೊಡುವುದು ಭಾಷಾಭಿಮಾನಕ್ಕಿಂತ ಮೊದಲು ವಿನ್ಯಾಸದ ಅಗತ್ಯ.

ತಂಬಿಗೆಯನ್ನು ತಿದ್ದಲು ತಲೆಮಾರುಗಳ ಕಾಲಾವಕಾಶವಿತ್ತು, ಫಲಕಕ್ಕೆ ಅದಿಲ್ಲ. ಅದನ್ನು ಗೋಡೆಗೆ ಬಡಿಯುವ ಮುನ್ನ ವಯಸ್ಸಾದ ಪ್ರಯಾಣಿಕರೊಬ್ಬರನ್ನು ನಿಲ್ದಾಣದ ಆಚೆ ತುದಿಯಲ್ಲಿ ನಿಲ್ಲಿಸಿ ಓದಿಸಿ ನೋಡುವುದು ಹೆಚ್ಚು ಖರ್ಚಿಲ್ಲದ, ಆದರೆ ಬಿಡಬಾರದ ಪರೀಕ್ಷೆ.