ನೂರರಲ್ಲಿ ಒಂದು ಪಾಲು ತಪ್ಪು

ಅಪಘಾತಕ್ಕೆ ಒಬ್ಬನೇ ಕಾರಣನಾಗಿದ್ದರೆ ನ್ಯಾಯದ ಕೆಲಸ ಸುಲಭ. ಹಲವರ ಅಲಕ್ಷ್ಯ ಒಂದುಗೂಡಿ ಒಬ್ಬರಿಗೆ ಕೇಡಾದಾಗ, ಯಾರ ತಪ್ಪು ಎಷ್ಟೆಂದು ತೂಗುವವರು ಯಾರು? ಅಮೆರಿಕದಲ್ಲಿ ಬಹುಮಟ್ಟಿಗೆ ಈ ತಕ್ಕಡಿಯನ್ನು ಹಿಡಿಯುವವರು ಕಾನೂನು ಪಂಡಿತರಲ್ಲ. ಜೂರಿಗಳಾಗಿ ಕರೆಬಂದ ಸಾಮಾನ್ಯ ನಾಗರಿಕರು.

ಫ್ಲಾರಿಡಾ ರಾಜ್ಯದ ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂಬ ವಿನೋದೋದ್ಯಾನ 1971ರ ಅಕ್ಟೋಬರಿನಲ್ಲಿ ತೆರೆಯಿತು. ಮರುತಿಂಗಳು ಅಲ್ಲಿನ ಪುಟ್ಟ ಮೋಟಾರು ಗಾಡಿಗಳ ಓಟದಲ್ಲಿ ತರುಣಿಯೊಬ್ಬಳ ಗಾಡಿಗೆ ಹಿಂದಿನಿಂದ ಇನ್ನೊಂದು ಗಾಡಿ ಡಿಕ್ಕಿ ಹೊಡೆಯಿತು. ಅದನ್ನು ನಡೆಸುತ್ತಿದ್ದವನು ಅಪರಿಚಿತನಲ್ಲ. ಅವಳ ಕೈಹಿಡಿಯಲಿದ್ದ ವರ, ಮುಂದೆ ಪತಿಯಾದವನು. ಪೆಟ್ಟು ತಿಂದ ಆಕೆ ಉದ್ಯಾನದ ಸಂಸ್ಥೆಯ ಮೇಲೆ ದಾವೆ ಹೂಡಿದಳು. ಪರಿಹಾರದಲ್ಲಿ ಅವನೂ ಪಾಲು ಕೊಡಬೇಕೆಂದು ಸಂಸ್ಥೆ ಅವನನ್ನೂ ಮೊಕದ್ದಮೆಗೆ ಎಳೆಯಿತು.

ಇಂಥ ಮೊಕದ್ದಮೆಯಲ್ಲಿ ಜೂರಿಗಳ ಮುಂದೆ ಒಂದು ಪ್ರಶ್ನಾವಳಿ ಇರುತ್ತದೆ. ವಿವೇಕಿಯಾದ ಮನುಷ್ಯ ವಹಿಸಬಹುದಾದ ಎಚ್ಚರಿಕೆಯನ್ನು ಇವರಲ್ಲಿ ಯಾರು ವಹಿಸಲಿಲ್ಲ? ಆ ಅಲಕ್ಷ್ಯವೇ ಹಾನಿಗೆ ಕಾರಣವಾಯಿತೆ? ಪ್ರತಿಯೊಬ್ಬರ ಪಾಲು ನೂರಕ್ಕೆ ಎಷ್ಟು? ಎಲ್ಲ ಪಾಲುಗಳೂ ಕೂಡಿ ನೂರಾಗಬೇಕು. ಒಟ್ಟು ಹಾನಿಯ ಮೊತ್ತವನ್ನು ಬೇರೆಯಾಗಿ ಬರೆಯಬೇಕು. ತೂಕದ ಕಲ್ಲು ಮಾತ್ರ ಯಾರೂ ಕೊಡುವುದಿಲ್ಲ. ಅಂಕಿ ಗಣಿತದ್ದಾದರೂ ತೀರ್ಮಾನ ಮನಸ್ಸಾಕ್ಷಿಯದು.

ಈ ಮೊಕದ್ದಮೆಯ ಜೂರಿಗಳು ಹೀಗೆ ಹಂಚಿದರು: ಗಂಡನದು 85, ಹೆಂಡತಿಯದು 14, ಸಂಸ್ಥೆಯದು 1. ಹಾನಿಯ ಮೊತ್ತ 75,000 ಡಾಲರು.

ಹಳೆಯ ನಿಯಮವೇ ಉಳಿದಿದ್ದರೆ ಆಕೆಗೆ ಬಿಡಿಗಾಸೂ ದಕ್ಕುತ್ತಿರಲಿಲ್ಲ. 1809ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ದಾರಿಗೆ ಅಡ್ಡಲಾಗಿಟ್ಟ ಮರದ ಗಳುವಿಗೆ ಎಡವಿ ಬಿದ್ದ ಸವಾರನೊಬ್ಬನನ್ನು ಬರಿಗೈಯಲ್ಲಿ ಕಳುಹಿಸಿತ್ತು. ಅವನೂ ಕುದುರೆಯನ್ನು ಮಿತಿಮೀರಿ ಓಡಿಸಿದ್ದನೆಂಬುದೇ ಕಾರಣ. ವಾದಿಯ ತಪ್ಪು ಎಳ್ಳಷ್ಟಿದ್ದರೂ ಪರಿಹಾರವಿಲ್ಲವೆಂಬ ಈ ಕಠಿಣ ನಿಯಮವನ್ನು ಫ್ಲಾರಿಡಾ 1973ರಲ್ಲಿ ಕೈಬಿಟ್ಟು, ತಪ್ಪಿಗೆ ತಕ್ಕಷ್ಟು ಕಡಿತವೆಂಬ ನೀತಿಯನ್ನು ಹಿಡಿಯಿತು.

ಆದುದರಿಂದ ಆಕೆಯ 14 ಪಾಲು ಕಳೆಯಿತು. ಉಳಿದ 86ರಲ್ಲಿ ಸಂಸ್ಥೆ ತೆರಬೇಕಾದುದೆಷ್ಟು? ಒಂದು ಪಾಲಾದರೆ 750 ಡಾಲರು. ನ್ಯಾಯಾಲಯ ವಿಧಿಸಿದ್ದಾದರೋ 86 ಪಾಲನ್ನೂ. ಎಂದರೆ 64,500 ಡಾಲರು! ಒಟ್ಟಾಗಿ ಹಾನಿ ಮಾಡಿದವರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲು ಮಾಡಬಹುದೆಂಬುದು ಅಂದಿನ ಧರ್ಮ.

ಮೇಲುನೋಟಕ್ಕೆ ಇದು ಅನ್ಯಾಯವೇ. ಒಂದು ಪಾಲು ತಪ್ಪಿದವನ ಮೇಲೆ ಎಂಬತ್ತಾರರ ಹೊರೆ ಹೊರಿಸುವುದುಂಟೆ? ಆದರೆ ಇನ್ನೊಂದು ಮಗ್ಗುಲೂ ಇದೆ. ಹೆಚ್ಚು ತಪ್ಪಿದವನು ದಿವಾಳಿಯಾಗಿದ್ದರೆ ಅವನ ಪಾಲನ್ನು ಯಾರಾದರೂ ಹೊರಲೇಬೇಕು. ಅಲ್ಪವಾದರೂ ತಪ್ಪಿದ್ದವನು ಹೊರಬೇಕೋ, ಅಥವಾ ಹಾಸಿಗೆ ಹಿಡಿದ ಗಾಯಾಳುವೋ? ಗಾಯಾಳುವಿನ ತಪ್ಪು ಏನೇನೂ ಇಲ್ಲದ ಪ್ರಸಂಗಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

1987ರಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನೇ ಎತ್ತಿಹಿಡಿದು, ನಿಯಮವನ್ನು ಬದಲಿಸುವುದು ಶಾಸನಸಭೆಯ ಕೆಲಸವೆಂದಿತು. ಆ ಸಭೆ 1986ರಲ್ಲೇ ನಿಯಮಕ್ಕೆ ಮಿತಿ ಹಾಕಿತ್ತು. 2006ರಲ್ಲಿ, ಅವರವರ ಪಾಲು ಅವರವರಿಗೆ ಎಂಬುದನ್ನೇ ಸಾಮಾನ್ಯ ನಿಯಮವಾಗಿಸಿತು. ಇತರ ರಾಜ್ಯಗಳಲ್ಲಿ ಕೆಲವು ಹಳೆಯ ದಾರಿಯನ್ನೂ ಕೆಲವು ನಡುದಾರಿಯನ್ನೂ ಹಿಡಿದಿವೆ.

ಹೀಗೆ ಜೂರಿಗಳು ಬರೆಯುವ ಒಂದೇ ಅಂಕಿ ಒಂದೆಡೆ 750 ಡಾಲರಾಗುತ್ತದೆ, ಮತ್ತೊಂದೆಡೆ 64,500. ತಪ್ಪನ್ನು ಅಳೆಯುವುದು ಜೂರಿಗಳ ಕೈಯಲ್ಲಿದೆ. ಆ ಅಳತೆಯ ಬೆಲೆಯನ್ನು ಕಟ್ಟುವುದು ಸಮಾಜದ ಕೈಯಲ್ಲಿ. ಕೊಡಲಾರದವನ ಪಾಲು ಯಾರ ಹೆಗಲಿಗೆ ಎಂಬುದನ್ನು ಯಾವ ತಕ್ಕಡಿಯೂ ಹೇಳಲಾರದು.