ತಳಿಗೆ ನಂಬರು, ತಳಿ ಕಟ್ಟಿದವರಿಗೆ?

ಡಿಸೆಂಬರ್ ಬಂತೆಂದರೆ ಮಲೆನಾಡಿನ ಕಾಫಿ ಸೀಮೆಯಲ್ಲಿ ಬೀಜದ ಮಾತು ಶುರುವಾಗುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಾಗಲಿ, ಕಳಸದ ಸಂತೆಯಲ್ಲಾಗಲಿ ಇಬ್ಬರು ಬೆಳೆಗಾರರು ಎದುರಾದರೆ ಮಳೆ, ರೇಟು ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: ‘ಸೆವೆನ್ ನೈಂಟಿ ಫೈವ್ ಬೀಜ ಸಿಕ್ತೇನ್ರೀ?’ ಎಸ್.795 ಅರೇಬಿಕಾ ತಳಿಯ ಹೆಸರು ಹೇಳಲು ಇಲ್ಲಿ ಯಾರೂ ತಡವರಿಸುವುದಿಲ್ಲ. ಆದರೆ ಅದನ್ನು ಕಟ್ಟಿದವರು ಯಾರು ಎಂದು ಕೇಳಿ ನೋಡಿ. ‘ಕಾಫಿ ಬೋರ್ಡಿನೋರು’ ಎಂಬ ಉತ್ತರ ಬರುತ್ತದೆ. ಬೋರ್ಡು ಹೂವಿಗೆ ಚೀಲ ಕಟ್ಟುವುದಿಲ್ಲ, ಪರಾಗ ಸವರುವುದಿಲ್ಲ, ಹದಿನೈದು ವರ್ಷ ಗಿಡದ ಬುಡದಲ್ಲಿ ಕೂತು ಹಣ್ಣು ತೂಗುವುದಿಲ್ಲ. ಅದನ್ನೆಲ್ಲ ಮಾಡಿದವರು ಸಂಬಳಕ್ಕೆ ದುಡಿದ ಮನುಷ್ಯರು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಸ್ಥಾಪನಾ ದಿನ, ಘಟಿಕೋತ್ಸವ ಎಂದರೆ ಪ್ರಶಸ್ತಿಗಳ ಕಾಲ. ಉತ್ತಮ ಶಿಕ್ಷಕ, ಉತ್ತಮ ಸಂಶೋಧಕ, ಉತ್ತಮ ವಿಸ್ತರಣಾ ಕಾರ್ಯಕರ್ತ. ಕೆಲವು ಕಡೆ ಬೋಧಕೇತರ ಸಿಬ್ಬಂದಿಗೂ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ರಾಜ್ಯ ಸರ್ಕಾರ ತನ್ನ ನೌಕರರಿಗೆ ಸರ್ವೋತ್ತಮ ಸೇವಾ ಪ್ರಶಸ್ತಿ ಇಟ್ಟಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ವಿಜ್ಞಾನಿಗಳ ಜೊತೆಗೆ ತಾಂತ್ರಿಕ ಮತ್ತು ಸಹಾಯಕ ಸಿಬ್ಬಂದಿಯನ್ನೂ ಬಹುಮಾನದ ಪಟ್ಟಿಗೆ ಸೇರಿಸಿಕೊಂಡಿದೆ. ಇದನ್ನು ಹಗುರವಾಗಿ ನೋಡಬೇಕಿಲ್ಲ. ಒಳ್ಳೆಯ ಕೆಲಸ ಮಾಡಿದವನಿಗೆ ನಾಲ್ಕು ಜನರ ಎದುರು ‘ನೀನು ಮಾಡಿದ್ದು ನಮಗೆ ಗೊತ್ತು’ ಎನ್ನುವುದು ದೊಡ್ಡ ಮಾತೇ. ತೊಡಕಿರುವುದು ಲೆಕ್ಕದಲ್ಲಿ. ಪ್ರಶಸ್ತಿ ವರ್ಷಕ್ಕೊಮ್ಮೆ ಬರುತ್ತದೆ. ಕಾಫಿ ತಳಿ ಇಪ್ಪತ್ತು ವರ್ಷಕ್ಕೊಮ್ಮೆ.

ಒಂದು ಹೂವಿನ ಹಿಂದೆ

ಕಾಫಿ ಗಿಡದಲ್ಲಿ ಹೊಸ ತಳಿ ಮಾಡುವುದೆಂದರೆ ಹೂಮಳೆಗೆ ಕಾಯುವ ಕೆಲಸ. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನೋಡಲು ಬಂದವರಿಗೆ ಅದು ಮಲ್ಲಿಗೆಯ ಹಬ್ಬ. ತಳಿ ಕಟ್ಟುವವರಿಗೆ ಅದರ ಹಿಂದಿನ ದಿನವೇ ಕೆಲಸ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಹಾಗಾಗಿ ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಒಂದೊಂದಾಗಿ ಕಿತ್ತು, ಗೆಲ್ಲಿಗೆ ಚೀಲ ಕಟ್ಟಿ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಸವರಿ, ಮತ್ತೆ ಚೀಲ ಕಟ್ಟಿ, ಚೀಟಿ ತೂಗು ಹಾಕಬೇಕು. ಹೂವು ಉಳಿಯುವುದು ಎರಡು–ಮೂರು ದಿನ. ಅಷ್ಟರಲ್ಲಿ ಮುಗಿಸಲಾಗದಿದ್ದರೆ ಮುಂದಿನ ವರ್ಷದ ಮಳೆಗೆ ಕಾಯಬೇಕು.

ಆಮೇಲೆ ಹಣ್ಣಾಗಲು ಎಂಟೊಂಬತ್ತು ತಿಂಗಳು. ಬೀಜವನ್ನು ಪಾತಿಗೆ ಹಾಕಿ, ಸಸಿ ಮಾಡಿ, ನೆಟ್ಟು, ಮೊದಲ ಫಸಲು ಕಾಣಲು ಮೂರು–ನಾಲ್ಕು ವರ್ಷ. ಒಂದು ವರ್ಷದ ಫಸಲು ನೋಡಿ ತೀರ್ಮಾನಿಸುವಂತಿಲ್ಲ; ನಾಲ್ಕೈದು ಫಸಲು ತೂಗಬೇಕು. ರೋಗ ಬಂತೇ, ಬೀಜ ದಪ್ಪವೇ, ಲೋಟದಲ್ಲಿ ರುಚಿ ಹೇಗೆ ಎಂದು ಬರೆಯಬೇಕು. ಒಳ್ಳೆಯ ಗಿಡ ಆರಿಸಿ ಅದರ ಬೀಜದಿಂದ ಮತ್ತೊಂದು ತಲೆಮಾರು ಬೆಳೆಸಬೇಕು. ಮೊದಲ ಚೀಲ ಕಟ್ಟಿದವರು ತಳಿ ಬಿಡುಗಡೆಯಾಗುವ ಹೊತ್ತಿಗೆ ಪೆನ್ಷನ್ ತೆಗೆದುಕೊಳ್ಳುತ್ತಿದ್ದರೆ ಆಶ್ಚರ್ಯವಿಲ್ಲ.

ಬಾಳೆಹೊನ್ನೂರಿನ ಕಥೆ

ಕಳಸದ ಕಡೆಯಿಂದ ಹರಿದು ಬರುವ ಭದ್ರೆ ಬಾಳೆಹೊನ್ನೂರು ಮುಟ್ಟುತ್ತಾಳೆ. ಆ ಊರಿನ ಬಳಿ 1925ರಲ್ಲಿ ಮೈಸೂರು ಸಂಸ್ಥಾನ ಕಾಫಿ ಪ್ರಾಯೋಗಿಕ ಕೇಂದ್ರ ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. 2025ಕ್ಕೆ ಅದಕ್ಕೆ ನೂರು ತುಂಬಿತು. ಕೇಂದ್ರದ ಹಿಂದೆ ಇದ್ದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಬಂದು ಮೈಸೂರಿನ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದವರು. ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗದಿಂದ ಉಳಿಸಿಕೊಳ್ಳುತ್ತಿದ್ದ ಮಲೆನಾಡಿಗೆ ಮೈಲುತುತ್ತು–ಸುಣ್ಣದ ಬೋರ್ಡೊ ದ್ರಾವಣ ಹೊಡೆಯುವುದನ್ನು ಕಲಿಸಿದವರು ಅವರೇ. ಅಡಿಕೆ ಬೆಳೆಗಾರರ ಮನೆಗಳಲ್ಲಿ ಅವರ ಪಟ ಇರುವುದು ಅಪರೂಪ. ಆದರೆ ಹಳೆಯ ಸಸ್ಯರೋಗ ಗ್ರಂಥಗಳಲ್ಲಿ ಕೊಳೆರೋಗದ ಬೂಷ್ಟಿನ ಲ್ಯಾಟಿನ್ ಹೆಸರಿನ ಮುಂದೆ, ಕಂಸದೊಳಗೆ, ಕೋಲ್ಮನ್ ಎಂದಿದೆ. ವಿಜ್ಞಾನಿಗೆ ಸಿಗುವ ಸನ್ಮಾನ ಎಷ್ಟೋ ಸಲ ಇಷ್ಟೇ.

ಅದೇ ಕೇಂದ್ರದಲ್ಲಿ 1930ರ ದಶಕದಲ್ಲಿ ವಿಲ್ಸನ್ ಮೇಯ್ನ್ ಎಂಬವರು ಎಲೆ ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲೂ ಜಾತಿಗಳಿವೆ ಎಂದು ತೋರಿಸಿದರು. ಒಂದು ಗಿಡವನ್ನು ತಿನ್ನಲಾಗದ ಜಾತಿ ಇನ್ನೊಂದನ್ನು ತಿನ್ನುತ್ತದೆ. ಜಗತ್ತಿನ ಕಾಫಿ ತಳಿ ವಿಜ್ಞಾನ ಇಂದಿಗೂ ನಿಂತಿರುವುದು ಆ ಪಾಯದ ಮೇಲೆ.

ಎಸ್.795 ಹುಟ್ಟಿದ್ದು ಅಲ್ಲೇ. ತುಕ್ಕು ತಡೆಯುವ, ಆದರೆ ಬೀಜದ ಗುಣ ಸಾಲದ ಎಸ್.288 ಒಂದು ಕಡೆ. ಕೆಂಟ್ ಎಂಬ ಪ್ಲಾಂಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಆರಿಸಿದ, ರುಚಿಗೆ ಹೆಸರಾದ ‘ಕೆಂಟ್ಸ್’ ಇನ್ನೊಂದು ಕಡೆ. ಈ ಎರಡನ್ನೂ ಕೂಡಿಸಿದ ಕೆಲಸದೊಂದಿಗೆ ಆರ್. ಎಲ್. ನರಸಿಂಹಸ್ವಾಮಿಯವರ ಹೆಸರು ಸೇರಿಕೊಂಡಿದೆ. 1940ರ ದಶಕದ ನಡುವೆ ಬೆಳೆಗಾರರ ಕೈಸೇರಿದ ತಳಿ ಸಮುದ್ರ ದಾಟಿ ಇಂಡೋನೇಷ್ಯಾಕ್ಕೂ ಹೋಯಿತು. ಅಲ್ಲಿ ಅದನ್ನು ‘ಜೆಂಬೆರ್’ ಎನ್ನುತ್ತಾರೆ. ಮೊದಲು ಆರಿಸಿದ ಪ್ಲಾಂಟರ್‌ನ ಹೆಸರು ಗಿಡಕ್ಕೆ ಉಳಿಯಿತು, ಬೀಜ ಹಂಚಿದ ಊರಿನ ಹೆಸರು ಉಳಿಯಿತು. ಕೂಡಿಸಿದವರ ಪಾಲಿಗೆ ಬಂದದ್ದು ಮೂರಂಕಿಯ ನಂಬರು. ಅವರ ಜೊತೆ ಚೀಲ ಕಟ್ಟಿದ ಕೂಲಿ ಹೆಂಗಸರ, ಚೀಟಿ ಬರೆದ ಫೀಲ್ಡಿನವರ ಹೆಸರು ಎಲ್ಲೂ ಇಲ್ಲ.

ಜನ ಕೊಟ್ಟ ಬಿರುದು

ಮೂಡಿಗೆರೆಗೂ ಇಂಥದೇ ಒಂದು ಗುರುತಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿದ್ದಾಗ ಇಲ್ಲಿನ ಸಂಶೋಧನಾ ಕೇಂದ್ರ ಏಲಕ್ಕಿ ತಳಿಯೊಂದನ್ನು ಹೊರತಂದಿತು. ಅದರ ಹೆಸರು ‘ಮೂಡಿಗೆರೆ–1’. ಊರಿಗೆ ಕೀರ್ತಿ ಬಂತು, ಸರಿ. ತೋಟಗಳನ್ನು ಅಲೆದು ಆ ಗಿಡವನ್ನು ಗುರುತಿಸಿದವರು, ನೆರಳಿನಡಿ ನೀರು ಹಾಕಿ ಕಾಪಾಡಿದವರು ಯಾರೆಂಬುದು ಹಳೆಯ ವಾರ್ಷಿಕ ವರದಿಗಳಿಗೆ ಬಿಟ್ಟ ಮಾತು. ಇಂದು ಮೂಡಿಗೆರೆಯ ತೋಟಗಾರಿಕಾ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆಡಳಿತ ಬದಲಾಗುತ್ತದೆ, ಬೋರ್ಡು ಬದಲಾಗುತ್ತದೆ, ಗಿಡ ಅಲ್ಲೇ ನಿಂತಿರುತ್ತದೆ.

ಹೆಸರು ಉಳಿದ ಒಂದು ಉದಾಹರಣೆ ಬಯಲುಸೀಮೆಯಲ್ಲಿದೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಬ್ರಹ್ಮ’ ಎಂದರು. ಮಣ್ಣಿನಲ್ಲಿ ಕಾಲೂರಿ ನಿಂತ ನೌಕರನಿಗೆ ರೈತರೇ ಕೊಟ್ಟ ಬಿರುದು ಅದು. ಅದಕ್ಕೆ ಅರ್ಜಿ ಹಾಕಬೇಕಿರಲಿಲ್ಲ.

ಈಗ ಏನಾಗಬೇಕು?

ಇದು ಹಳೆಯವರ ನೆನಪಿಗಾಗಿ ಮಾತ್ರ ಆಡುವ ಮಾತಲ್ಲ. ತುಕ್ಕು ರೋಗದ ಹೊಸ ಜಾತಿಗಳು ಬಂದು ಎಸ್.795ಕ್ಕೂ ಈಗ ಔಷಧಿ ಹೊಡೆಯಲೇಬೇಕು. ಬಿಳಿ ಕಾಂಡಕೊರಕ ಅರೇಬಿಕಾ ತೋಟಗಳನ್ನು ಬರಿದು ಮಾಡುತ್ತಿದೆ. ಸೋತ ಎಷ್ಟೋ ಬೆಳೆಗಾರರು ರೊಬಸ್ಟಾ ಕಡೆ ತಿರುಗಿದ್ದಾರೆ. ಬಾಳೆಹೊನ್ನೂರಿನಿಂದ 2007ರಲ್ಲಿ ‘ಚಂದ್ರಗಿರಿ’ ಬಂತು. ಅದರ ಮುಂದಿನ ತಳಿ ನಮ್ಮ ಮಕ್ಕಳ ಕಾಲಕ್ಕೆ ಬೇಕೆಂದರೆ ಅದರ ಹೂವಿಗೆ ಯಾರಾದರೂ ಈಗಲೇ ಚೀಲ ಕಟ್ಟಬೇಕು. ವರ್ಷಕ್ಕೆ ಎಷ್ಟು ಪ್ರಬಂಧ ಬರೆದಿರಿ ಎಂದು ಎಣಿಸಿ ಶಾಲು ಹೊದಿಸುವ ಕಡೆ, ಇಪ್ಪತ್ತು ವರ್ಷ ಫಲ ಕಾಣದ ಕೆಲಸಕ್ಕೆ ಯಾವ ಹುಡುಗ, ಯಾವ ಹುಡುಗಿ ಕೈ ಹಾಕಿಯಾರು?

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಪ್ರಶಸ್ತಿಯ ಅರ್ಜಿಯಲ್ಲಿ ‘ಈ ಕೆಲಸ ಎಷ್ಟು ವರ್ಷದಿಂದ ನಡೆದಿದೆ, ಜೊತೆಗಿದ್ದವರು ಯಾರು’ ಎಂಬ ಎರಡು ಸಾಲು ಸೇರಿಸಲಿ. ತಳಿ ಬಿಡುಗಡೆಯ ದಿನ ವಿಜ್ಞಾನಿಯ ಪಕ್ಕದಲ್ಲಿ ಫೀಲ್ಡ್ ಸಿಬ್ಬಂದಿಗೂ ಒಂದು ಕುರ್ಚಿ ಹಾಕಲಿ. ನಿವೃತ್ತರಾಗುವ ಫೀಲ್ಡಿನವರಿಗೆ ಗಡಿಯಾರ ಕೊಟ್ಟು ಕಳಿಸುವ ಮೊದಲು, ಯಾವ ಸಾಲಿನ ಯಾವ ಗಿಡ ಎಲ್ಲಿಂದ ಬಂತೆಂದು ಅವರ ತಲೆಯಲ್ಲಿರುವುದನ್ನು ಬರೆಸಿಕೊಳ್ಳಲಿ. ಚೀಟಿ ಮಳೆಗೆ ಅಳಿಸಿದ ಮೇಲೆ ಉಳಿಯುವುದು ಆ ನೆನಪೊಂದೇ.

ಮುಂದಿನ ಮಾರ್ಚ್‌ನಲ್ಲಿ ಹೂಮಳೆ ಬಿದ್ದಾಗ ನೀವು ಬಾಳೆಹೊನ್ನೂರಿನ ಕಡೆ ಹೋದರೆ ಬಿಳಿ ಹೂವಿನ ನಡುವೆ ಅಲ್ಲಲ್ಲಿ ಚೀಲ ಕಟ್ಟಿದ ಗೆಲ್ಲುಗಳು ಕಂಡಾವು. ಕಟ್ಟಿದವರು ಹತ್ತಿರದಲ್ಲೇ ಇದ್ದರೆ ಅವರ ಹೆಸರು ಕೇಳಿ ಬನ್ನಿ.