ಹಳೆಯ ಕ್ಲಾರಿಯೋನೆಟ್‌ಗೆ ನುರಿತ ದುರಸ್ತಿಗಾರನನ್ನು ಗುರುತಿಸುವ ಬಗೆ

ಮದುವೆಯ ಮೆರವಣಿಗೆಯಿಂದ ಹಿಡಿದು ಶಾಸ್ತ್ರೀಯ ಸಂಗೀತ ಕಚೇರಿಯವರೆಗೆ ಕ್ಲಾರಿಯೋನೆಟ್‌ನ ದನಿ ಕನ್ನಡಿಗರಿಗೆ ಚಿರಪರಿಚಿತ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿಯಲ್ಲಿ, ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರು ಕರ್ನಾಟಕ ಸಂಗೀತದಲ್ಲಿ ಈ ಪಾಶ್ಚಾತ್ಯ ವಾದ್ಯಕ್ಕೆ ಗೌರವದ ಸ್ಥಾನ ದೊರಕಿಸಿಕೊಟ್ಟವರು. ಉತ್ತಮ ಮರದ ಹೊಸ ವಾದ್ಯ ದುಬಾರಿಯಾದ್ದರಿಂದ ವಿದ್ಯಾರ್ಥಿಗಳೂ ಬ್ಯಾಂಡ್ ಕಲಾವಿದರೂ ಹಳೆಯ ವಾದ್ಯದ ಮೊರೆಹೋಗುವುದು ಸಹಜ. ಆದರೆ ಕೊಂಡ ವಾದ್ಯ ಮತ್ತೆ ನುಡಿಯುವುದೋ, ಶಾಶ್ವತವಾಗಿ ಕೆಡುವುದೋ ಎಂಬುದು ಅದನ್ನು ಬಿಚ್ಚಿ ಜೋಡಿಸುವವರ ಕೈಯಲ್ಲಿದೆ.

ಸೋರಿಕೆಯೇ ಮೂಲ ರೋಗ

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬೋಹ್ಮ್ ಪದ್ಧತಿಯ ಕ್ಲಾರಿಯೋನೆಟ್ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರೂಪುಗೊಂಡಿತು. ಇದರಲ್ಲಿ ಸಾಮಾನ್ಯವಾಗಿ 17 ಕೀಗಳೂ 6 ಉಂಗುರಗಳೂ ಇರುತ್ತವೆ. ಬೆರಳಿಗೆ ಎಟುಕದ ರಂಧ್ರಗಳನ್ನು ಕೀಗಳಿಗೆ ಅಂಟಿಸಿದ ಮೆತ್ತನೆಯ ಪ್ಯಾಡ್‌ಗಳು ಮುಚ್ಚುತ್ತವೆ. ತಗ್ಗಿನ ಸ್ವರ ನುಡಿಯಬೇಕಾದರೆ ಅದರ ಮೇಲಿನ ಎಲ್ಲ ರಂಧ್ರಗಳೂ ಗಾಳಿಯಾಡದಂತೆ ಮುಚ್ಚಿರಬೇಕು. ಆದ್ದರಿಂದ ಮೇಲ್ಭಾಗದ ಒಂದೇ ಪ್ಯಾಡ್ ತುಸು ಸೋರಿದರೂ ಕೆಳಗಿನ ಸ್ವರಗಳು ಕೀರಲಾಗುತ್ತವೆ, ಇಲ್ಲವೇ ಹೊರಡುವುದೇ ಇಲ್ಲ. ಕಲಿಯುವವರು ಇದನ್ನು ತಮ್ಮ ಊದುವಿಕೆಯ ದೋಷವೆಂದು ತಿಳಿದು ವೃಥಾ ಶ್ರಮಪಡುವುದುಂಟು.

ಸೋರಿಕೆಯನ್ನು ಯಾರೂ ಪರೀಕ್ಷಿಸಬಹುದು. ವಾದ್ಯದ ಮೇಲಿನ ಭಾಗವನ್ನು ಕಳಚಿ, ರಂಧ್ರಗಳನ್ನು ಬೆರಳುಗಳಿಂದ ಮುಚ್ಚಿ, ಕೆಳತುದಿಯನ್ನು ಅಂಗೈಯಿಂದ ಒತ್ತಿ, ಮೇಲ್ತುದಿಯಿಂದ ಗಾಳಿ ಹೀರಬೇಕು. ಒಳಗಿನ ಸೆಳೆತ ಕೆಲವು ಕ್ಷಣ ನಿಂತರೆ ವಾದ್ಯ ಬಿಗಿಯಾಗಿದೆಯೆಂದು ಅರ್ಥ. ಕೂಡಲೇ ಇಳಿದರೆ ಎಲ್ಲಿಯೋ ಸೋರುತ್ತಿದೆ.

ಪ್ಯಾಡ್ ಬದಲಾವಣೆ ಬೇರೆ, ಪೂರ್ಣ ದುರಸ್ತಿ ಬೇರೆ

ಹಳೆಯ ಪ್ಯಾಡ್ ಕಿತ್ತು ಹೊಸದನ್ನು ಅಂಟಿಸುವುದಷ್ಟೇ ದುರಸ್ತಿಯಲ್ಲ. ಪೂರ್ಣ ದುರಸ್ತಿಯಲ್ಲಿ ಎಲ್ಲ ಕೀಗಳನ್ನೂ ಕಳಚಿ ಶುಚಿಗೊಳಿಸಿ, ಸವೆದು ಅಲುಗಾಡುವ ಕೀಗಳನ್ನು ಮೊದಲು ಬಿಗಿಗೊಳಿಸಬೇಕು. ಕೀ ಅಲುಗಾಡಿದರೆ ಪ್ಯಾಡ್ ಪ್ರತಿಸಲವೂ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಹೊಸ ಪ್ಯಾಡ್ ಹಾಕಿಯೂ ಪ್ರಯೋಜನವಿಲ್ಲ. ರಂಧ್ರದ ಅಂಚು ಮುಕ್ಕಾಗಿದ್ದರೆ ಸರಿಪಡಿಸಬೇಕು. ದಣಿದ ಸ್ಪ್ರಿಂಗ್‌ಗಳನ್ನೂ ಭಾಗಗಳು ಕೂಡುವೆಡೆಯ ಕಾರ್ಕ್‌ಗಳನ್ನೂ ಬದಲಿಸಬೇಕು. ಕೊನೆಗೆ ಸಿಗರೇಟು ಕಾಗದದ ಎಳೆಯನ್ನು ಪ್ರತಿ ಪ್ಯಾಡಿನ ಅಡಿ ಇಟ್ಟು ಸುತ್ತಲೂ ಎಳೆದು ನೋಡಬೇಕು. ಎಲ್ಲ ದಿಕ್ಕಿನಲ್ಲಿಯೂ ಕಾಗದಕ್ಕೆ ಒಂದೇ ಹಿಡಿತವಿದ್ದರೆ ಮಾತ್ರ ಪ್ಯಾಡ್ ಸಮನಾಗಿ ಕುಳಿತಿದೆ ಎನ್ನಬಹುದು.

ಎಲ್ಲಿ ವಿಚಾರಿಸಬೇಕು?

ಅಂಗಡಿಯ ಫಲಕಕ್ಕಿಂತ ವಾದ್ಯವನ್ನೇ ನಂಬಿ ಬದುಕುವವರ ಮಾತು ಹೆಚ್ಚು ವಿಶ್ವಾಸಾರ್ಹ. ಬ್ಯಾಂಡ್‌ಸೆಟ್‌ಗಳ ಮಾಸ್ತರರು, ಪಾಶ್ಚಾತ್ಯ ಸಂಗೀತ ಶಾಲೆಗಳ ಶಿಕ್ಷಕರು, ಸೇನೆ ಹಾಗೂ ಪೊಲೀಸ್ ಬ್ಯಾಂಡ್‌ಗಳ ನಿವೃತ್ತ ವಾದಕರು ತಮ್ಮ ವಾದ್ಯವನ್ನು ಯಾರ ಕೈಗೆ ಕೊಡುತ್ತಾರೆಂದು ಕೇಳಬೇಕು. ಮೈಸೂರಿನಲ್ಲಿ ಅರಮನೆ ಬ್ಯಾಂಡ್‌ನ ಪರಂಪರೆಯನ್ನು ಪೊಲೀಸ್ ಬ್ಯಾಂಡ್ ಮುಂದುವರಿಸಿಕೊಂಡು ಬಂದಿರುವುದರಿಂದ ಅಲ್ಲಿಯ ಹಿರಿಯ ವಾದಕರಿಗೆ ಇಂತಹ ಅನುಭವ ಸಾಕಷ್ಟಿರುತ್ತದೆ. ಉತ್ತರಪ್ರದೇಶದ ಮೀರತ್‌ನ ಜಾಲಿ ಕೋಠಿ ಪ್ರದೇಶ ಬ್ಯಾಂಡ್ ವಾದ್ಯಗಳ ತಯಾರಿಕೆಗೆ ದೇಶದಲ್ಲೇ ಹೆಸರಾಗಿದೆ. ಆದರೆ ಹಿತ್ತಾಳೆಯ ತುತ್ತೂರಿಯನ್ನು ಬೆಸೆಯುವ ಕೌಶಲವೇ ಬೇರೆ, ಮರದ ವಾದ್ಯವನ್ನು ಸರಿಪಡಿಸುವ ಕೌಶಲವೇ ಬೇರೆ ಎಂಬುದನ್ನು ಮರೆಯಬಾರದು.

ಒಳ್ಳೆಯ ದುರಸ್ತಿಗಾರ ವಾದ್ಯವನ್ನು ಕೈಗೆತ್ತಿಕೊಂಡು ಸೋರಿಕೆ ಹಾಗೂ ಬಿರುಕುಗಳನ್ನು ಪರಿಶೀಲಿಸಿದ ಬಳಿಕವೇ ದರ ಹೇಳುತ್ತಾನೆ. ಏನೇನು ಮಾಡಲಾಗುವುದೆಂದು ಬರೆದುಕೊಡಲು ಹಿಂಜರಿಯುವುದಿಲ್ಲ. ಹೊಸ ಪ್ಯಾಡ್‌ಗಳು ಕೆಲವು ವಾರಗಳಲ್ಲಿ ಒತ್ತಿಕೊಂಡು ತುಸು ಜಾಗ ಬದಲಿಸುವುದರಿಂದ ಮರುಹೊಂದಾಣಿಕೆಗೆ ಬರುವಂತೆ ತಾನೇ ಸೂಚಿಸುತ್ತಾನೆ. ನೋಡದೆಯೇ ಫೋನಿನಲ್ಲಿ ದರ ಹೇಳುವವರ ಬಗ್ಗೆ, ಬಿಗಿಯಾದ ಜೋಡಣೆಗೆ ಒಮ್ಮೆಲೇ ಮರಳು ಕಾಗದ ಹಿಡಿಯುವವರ ಬಗ್ಗೆ ಎಚ್ಚರವಿರಲಿ. ಉಜ್ಜಿಹೋದ ಮರವನ್ನು ಮರಳಿ ತರಲಾಗದು. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಜೋಡಣೆ ಬೇಸಿಗೆಯಲ್ಲಿ ತಾನಾಗಿಯೇ ಸಡಿಲವಾಗಬಹುದು.

ಕೊಳ್ಳುವ ಮುನ್ನ

ಬಿರುಕು ಬಿಟ್ಟ ವಾದ್ಯವೆಲ್ಲ ನಿರುಪಯುಕ್ತವಲ್ಲ. ಸಣ್ಣ ಬಿರುಕನ್ನು ನುರಿತವರು ಅಂಟು ತುಂಬಿಯೋ, ಅಡ್ಡಲಾಗಿ ಲೋಹದ ಸೂಜಿ ಕೂರಿಸಿಯೋ ನಿಲ್ಲಿಸಬಲ್ಲರು. ಯಾವ ದುರಸ್ತಿಗೂ ಬಗ್ಗದ ದೋಷವೊಂದಿದೆ. ಬ್ರಿಟಿಷ್ ಸೇನಾ ಬ್ಯಾಂಡ್‌ಗಳು 20ನೇ ಶತಮಾನದ ಆರಂಭದಲ್ಲಿ ಸುಮಾರು 452 ಹರ್ಟ್ಸ್‌ನ ಏರು ಶ್ರುತಿಯನ್ನು ಬಳಸುತ್ತಿದ್ದವು. ಇಂದಿನ ಶ್ರುತಿ 440 ಹರ್ಟ್ಸ್. ಆ ಕಾಲದ ವಾದ್ಯಗಳ ಮೇಲೆ ಕೆಲವೊಮ್ಮೆ ‘ಎಚ್‌ಪಿ’ ಎಂಬ ಮುದ್ರೆ ಇರುತ್ತದೆ. ಇಡೀ ಕೊಳವೆ ಮತ್ತು ರಂಧ್ರಗಳ ಅಂತರವೇ ಆ ಶ್ರುತಿಗೆ ಅಳತೆಗೊಂಡಿರುವುದರಿಂದ ಬ್ಯಾರೆಲ್ ಎಳೆದರೂ ಸ್ವರಗಳು ಪರಸ್ಪರ ಹೊಂದುವುದಿಲ್ಲ. ತನ್ನದೇ ಶ್ರುತಿ ಇಟ್ಟುಕೊಂಡು ಒಂಟಿಯಾಗಿ ನುಡಿಸುವವರಿಗೆ ಅದು ಒಗ್ಗಬಹುದು; ಬ್ಯಾಂಡ್‌ನಲ್ಲಿಯೋ ಹಾರ್ಮೋನಿಯಂ ಜತೆಯಲ್ಲಿಯೋ ಒಗ್ಗದು.

ಆದುದರಿಂದ ವಾದ್ಯವನ್ನು ಕೊಂಡು ದುರಸ್ತಿಗಾರನನ್ನು ಹುಡುಕುವ ಬದಲು, ಮೊದಲು ದುರಸ್ತಿಗಾರನನ್ನು ಕಂಡುಕೊಂಡು ಅವರಿಗೆ ವಾದ್ಯ ತೋರಿಸಿದ ನಂತರ ಹಣ ಕೊಡುವುದು ಜಾಣತನ. ದುರಸ್ತಿಯ ವೆಚ್ಚವನ್ನೂ ಕೂಡಿಸಿ ನೋಡಿದಾಗಲೇ ಹಳೆಯ ಕ್ಲಾರಿಯೋನೆಟ್‌ನ ನಿಜವಾದ ಬೆಲೆ ತಿಳಿಯುತ್ತದೆ.